ಕಪ್ಪು ಗೌನಿನ ಕೆಳಗೆ ಇಳಕಲ್ ಸೀರೆ

ಆಕ್ಸ್‌ಫರ್ಡ್‌ನಲ್ಲಿ ದಿನದ ಊಟಕ್ಕೆ ಏನು ಹಾಕಿಕೊಂಡು ಹೋದರೂ ನಡೆಯುತ್ತದೆ. ಜೀನ್ಸ್, ಸ್ವೆಟರ್, ಓಡಿ ಬಂದ ಶೂ, ಯಾರೂ ಕೇಳೋದಿಲ್ಲ. ಆದರೆ ಫಾರ್ಮಲ್ ಹಾಲ್ ಅಂತ ಒಂದು ರಾತ್ರಿ ಊಟ ಇರುತ್ತದೆ. ಅದಕ್ಕೆ ಕಾಲೇಜಿಗೊಂದು ಪದ್ಧತಿ. ಹೆಚ್ಚಿನ ಕಡೆ ಸೂಟ್ ಅಥವಾ ಒಳ್ಳೆಯ ಡ್ರೆಸ್, ಅದರ ಮೇಲೆ ಕಪ್ಪು ಗೌನ್. ಆಗೊಮ್ಮೆ ಈಗೊಮ್ಮೆ ಬರುವ ದೊಡ್ಡ ಊಟಗಳಿಗೆ ‘ಬ್ಲ್ಯಾಕ್ ಟೈ’. ಅಂದರೆ ಗಂಡಸರಿಗೆ ಕಪ್ಪು ಡಿನ್ನರ್ ಜಾಕೆಟ್, ಬೋ ಟೈ. ಹೆಂಗಸರಿಗೆ ಉದ್ದನೆಯ ಈವ್ನಿಂಗ್ ಡ್ರೆಸ್. ನವೆಂಬರ್ ಊಟಕ್ಕೆ ನಮ್ಮ ಕಾಲೇಜಿನಿಂದ ಬಂದ ಇಮೇಲ್‌ನಲ್ಲಿ ಇದೆಲ್ಲದರ ಕೊನೆಗೆ ಇನ್ನೊಂದು ಸಾಲಿತ್ತು. ಅವರವರ ದೇಶದ ಸಾಂಪ್ರದಾಯಿಕ ಉಡುಪೂ ಆಗಬಹುದು, ಗೌನ್ ಮಾತ್ರ ಎಲ್ಲರಿಗೂ ಕಡ್ಡಾಯ.

ಆ ಸಾಲು ಓದಿದ ಕೂಡಲೇ ಸೀರೆ ಅಂತ ತೀರ್ಮಾನ ಆಯಿತು. ಯಾವ ಸೀರೆ ಅನ್ನೋದು ಮಾತ್ರ ಅಷ್ಟು ಬೇಗ ಬಗೆಹರಿಯಲಿಲ್ಲ.

ನಾನು ಬಾಗಲಕೋಟೆ ಕಡೆಯವಳು. ಡಿಗ್ರಿ ಓದಿದ್ದು ಧಾರವಾಡದಲ್ಲಿ. ಬರುವಾಗ ಸೂಟ್‌ಕೇಸಿನ ತಳದಲ್ಲಿ ಎರಡು ಸೀರೆ ಇಟ್ಟುಕೊಂಡಿದ್ದೆ. ಒಂದು ಮೈಸೂರು ಸಿಲ್ಕ್, ಅಕ್ಕನ ಮದುವೆಗೆ ಕೊಂಡದ್ದು. 20,000 ರೂಪಾಯಿ ದಾಟಿದ ಸೀರೆ. ಇನ್ನೊಂದು ಅವ್ವನ ಇಳಕಲ್. ಕಡುನೀಲಿ ಒಡಲು, ಚಿಕ್ಕಿ ದಡಿ, ಕೆಂಪು ಸೆರಗು. ಇದರ ಜೊತೆಗೆ ಗುಳೇದಗುಡ್ಡದ ಖಣದ ಕುಬುಸ. ಪಕ್ಕದ ರೂಮಿನ ಗೆಳತಿ ತನ್ನ ಕಪ್ಪು ಡ್ರೆಸ್ಸನ್ನೂ ಕೊಡುತ್ತೇನೆ ಅಂದಳು. ಹಾಕಿ ನೋಡಿದೆ, ಅಳತೆ ಸರಿಯಾಗಿಯೇ ಇತ್ತು. ಆದರೆ ಸೀರೆ ಉಡಬಹುದು ಅಂತ ಅವರೇ ಬರೆದಿರುವಾಗ ನನಗೆ ಬೇರೆ ಯಾವುದೂ ಬೇಕಾಗಿರಲಿಲ್ಲ.

ವಿಡಿಯೊ ಕಾಲ್‌ನಲ್ಲಿ ಅವ್ವನಿಗೆ ಎರಡೂ ತೋರಿಸಿದೆ. ಇಳಕಲ್ ಉಡುತ್ತೇನೆ ಅಂದದ್ದಕ್ಕೆ ಅವಳು ಒಪ್ಪಲಿಲ್ಲ.

“ಇಳಕಲ್ ಸೀರಿ ದಿನಾ ಉಡೂದವಾ. ಅಷ್ಟು ದೊಡ್ಡ ಮಂದಿ ಊಟಕ್ಕ ರೇಷ್ಮಿ ಉಡು.”

“ಅವ್ವಾ, ದಿನಾ ಉಡೂ ಸೀರಿ ಯಾವ್ದು, ಮದುವಿ ಸೀರಿ ಯಾವ್ದು ಅಂತ ಇಲ್ಲಿ ಯಾರಿಗೂ ಗೊತ್ತಾಗೂದಿಲ್ಲ.”

“ಅವರಿಗೆ ಗೊತ್ತಾಗೂದಿಲ್ಲ ಖರೆ. ನಿನಗ ಗೊತ್ತೈತಲ್ಲ?”

ಈ ಮಾತಿಗೆ ನಾನು ಆ ಕ್ಷಣ ಉತ್ತರ ಕೊಡಲಿಲ್ಲ. ಅವಳು ಹೇಳಿದ್ದರಲ್ಲಿ ನ್ಯಾಯ ಇತ್ತು. ನಮ್ಮ ಕಡೆ ಒಂದು ಶುಭಕಾರ್ಯಕ್ಕೆ ಕರೆ ಬಂದರೆ ಟ್ರಂಕಿನಲ್ಲಿದ್ದದ್ದರಲ್ಲಿ ಒಳ್ಳೆಯದನ್ನು ತೆಗೆದು ಉಡುತ್ತಾರೆ. ಕರೆದವರಿಗೆ ಕೊಡುವ ಮರ್ಯಾದೆ ಅದು. ನೋಡುವವರಿಗೆ ಗೊತ್ತಾಗೋದಿಲ್ಲ ಅಂತ ಕಡಿಮೆಯದನ್ನು ಉಟ್ಟು ಹೋಗುವುದು ಸರಿಯಲ್ಲ, ಅಲ್ವಾ? ಹಾಗಾದರೆ ಇಳಕಲ್ ನಿಜಕ್ಕೂ ಕಡಿಮೆಯದೇ ಅನ್ನುವುದನ್ನು ನಾನು ಮೊದಲು ಯೋಚಿಸಬೇಕಿತ್ತು.

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇಲ್ಲಿ ಓದಿ ಹೋದವರೇ ಓಡಾಡುತ್ತಿದ್ದರು. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೆ ಆಕ್ಸ್‌ಫರ್ಡ್ ಅಂದರೆ ಎರಡು ಹೆಸರು ಥಟ್ಟನೆ ನೆನಪಾಗುತ್ತವೆ. 1930ರ ದಶಕದಲ್ಲಿ ಬಂದ ವಿ.ಕೃ. ಗೋಕಾಕರು. ಆಮೇಲೆ 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಮ್ಯಾಗ್ಡಲೆನ್ ಕಾಲೇಜಿಗೆ ಬಂದು, ಆಕ್ಸ್‌ಫರ್ಡ್ ಯೂನಿಯನ್ ಅನ್ನುವ ಚರ್ಚಾಕೂಟದ ಅಧ್ಯಕ್ಷರೂ ಆದ ಗಿರೀಶ ಕಾರ್ನಾಡರು. ಕಾರ್ನಾಡರ ಕಾಲದಲ್ಲಿ ಆ ಕಾಲೇಜಿಗೆ ಹೆಣ್ಣುಮಕ್ಕಳನ್ನು ವಿದ್ಯಾರ್ಥಿಗಳಾಗಿ ಸೇರಿಸಿಕೊಳ್ಳುತ್ತಲೇ ಇರಲಿಲ್ಲ. ಅದು ಶುರುವಾದದ್ದು 1979ರಲ್ಲಿ.

ಸೀರೆಯ ವಿಷಯಕ್ಕೆ ನನಗೆ ಬೇಕಾದವರು ಕಾರ್ನೀಲಿಯಾ ಸೊರಾಬ್ಜಿ. ನಾಸಿಕ್‌ನಲ್ಲಿ ಹುಟ್ಟಿ 1889ರಲ್ಲಿ ಸಮರ್‌ವಿಲ್ ಕಾಲೇಜಿಗೆ ಬಂದವರು. ಆಕ್ಸ್‌ಫರ್ಡ್‌ನಲ್ಲಿ ಕಾನೂನು ಓದಿದ ಮೊದಲ ಹೆಣ್ಣುಮಗಳು. 1892ರಲ್ಲಿ ಪರೀಕ್ಷೆ ಬರೆದರು. ಡಿಗ್ರಿ ಕೈಗೆ ಬಂದದ್ದು 1922ರಲ್ಲಿ. ಹೆಂಗಸರಿಗೆ ಡಿಗ್ರಿ ಕೊಡಲು ಈ ವಿಶ್ವವಿದ್ಯಾಲಯ ಒಪ್ಪಿದ್ದೇ 1920ರಲ್ಲಿ. ಸೊರಾಬ್ಜಿಯವರ ಹಳೆಯ ಫೋಟೊಗಳಲ್ಲಿ ಅವರು ಪಾರ್ಸಿ ಪದ್ಧತಿಯ ಸೀರೆ ಉಟ್ಟು ನೇರವಾಗಿ ಕುಳಿತಿದ್ದಾರೆ. ಎಷ್ಟು ಹೊತ್ತು ಆ ಫೋಟೊಗಳನ್ನು ನೋಡಿದೆನೋ. ಈ ಊರಿನ ಗೌನಿಗೆ ಹೆಂಗಸರ ಮೈ ಒಗ್ಗುವ ಎಷ್ಟೋ ವರ್ಷ ಮೊದಲೇ ಇಲ್ಲಿಗೆ ಸೀರೆ ಬಂದಿತ್ತು. ನನಗೆ ಅದು ದೊಡ್ಡ ಧೈರ್ಯ ಕೊಟ್ಟಿತು.

ಇನ್ನು ಗೌನ್. ಅದರ ಹಿಂದಿನ ಕಥೆ ಓದಿದಾಗ ನನ್ನ ಪ್ರಶ್ನೆಗೆ ಉತ್ತರ ಅಲ್ಲೇ ಸಿಕ್ಕಿತು. ಈಗ ಗೌನ್ ಅಂದರೆ ಸಮಾರಂಭದ ಬಟ್ಟೆ. ಆದರೆ ಮಧ್ಯಯುಗದಲ್ಲಿ ಇಲ್ಲಿ ಓದುತ್ತಿದ್ದವರು, ಕಲಿಸುತ್ತಿದ್ದವರು ಹೆಚ್ಚಿನವರು ಚರ್ಚಿನ ಜನ. ಉದ್ದನೆಯ ನಿಲುವಂಗಿ ಅವರ ದಿನದ ಉಡುಪು. ಕಲ್ಲಿನ ಕಟ್ಟಡ, ಬೆಂಕಿ ಕಡಿಮೆ, ಚಳಿ ಜಾಸ್ತಿ. ಓದುವಾಗಲೂ ಅದೇ, ಊಟಕ್ಕೂ ಅದೇ. ಹೊರಗಿನವರ ಉಡುಪು ಬದಲಾಗುತ್ತ ಹೋಯಿತು. ಇವರು ಅದನ್ನು ಬಿಡಲಿಲ್ಲ, ಹಾಗಾಗಿ ಅದಕ್ಕೆ ಗೌರವ ಬಂತು.

ನಮ್ಮವ್ವ ಶಾಲೆ ಟೀಚರ್. ನಾನು ಕಂಡಂತೆ ಅವಳು ಇಳಕಲ್ ಸೀರೆ ಉಟ್ಟೇ ಶಾಲೆಗೆ ಹೋಗಿದ್ದಾಳೆ. ಸೀಮೆಸುಣ್ಣದ ಪುಡಿ ಅವಳ ಸೆರಗಿಗೆ ಅಂಟಿರುತ್ತಿತ್ತು. ನನಗೆ ಅಕ್ಷರ ಕಲಿಸುವಾಗ ಅವಳ ಮೈಮೇಲೆ ಇದ್ದದ್ದೂ ಇಂಥದ್ದೇ ಸೀರೆ. ಓದಿನ ಮನೆಯಲ್ಲಿ ನಡೆಯುವ ಊಟಕ್ಕೆ ಇದಕ್ಕಿಂತ ತಕ್ಕ ಬಟ್ಟೆ ನನ್ನ ಹತ್ತಿರ ಇನ್ಯಾವುದಿತ್ತು? ಅವ್ವನಿಗೆ ಇದನ್ನು ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾರ ಚಂದಾಗಿ ಇಸ್ತ್ರಿ ಮಾಡು” ಅಂದಳು. ತನ್ನ ಟ್ರಂಕಿನಲ್ಲಿರುವ ಚಂದ್ರಕಾಳಿ ಸೀರೆ ಕಳಿಸಲೇ ಅಂತಲೂ ಕೇಳಿದಳು. ಕಪ್ಪು ಸೀರೆ, ಮೈತುಂಬ ಕಸೂತಿ, ಎಳೆ ಎಣಿಸಿ ಎಣಿಸಿ ಕೈಯಲ್ಲಿ ಹಾಕಿದ್ದು. ಅದನ್ನು ಅಂಚೆಯಲ್ಲಿ ಕಳಿಸುವ ಮಾತಿಗೆ ನಾನೇ ಬೇಡ ಅಂದೆ.

ಇಳಕಲ್ ಆರಿಸಿಕೊಳ್ಳಲು ಬೇರೆ ಕಾರಣಗಳೂ ಇದ್ದವು. ಮೈಸೂರು ಸಿಲ್ಕ್ ಕ್ರೇಪ್, ಬಲು ಮೆತ್ತಗೆ. ಅದರ ಚೆಲುವೇ ಅದು. ಆದರೆ ಭುಜದ ಮೇಲೆ ನಿಲ್ಲದೆ ಜಾರುತ್ತದೆ. ಮೇಲೆ ಗೌನ್ ಕೂತರೆ ಇನ್ನೂ ಜಾರುತ್ತದೆ. ಇಳಕಲ್ಲಿನ ಒಡಲು ಹತ್ತಿ. ಒಮ್ಮೆ ಹಾಕಿದ ನೆರಿಗೆ ಹಾಕಿದ ಹಾಗೇ ಇರುತ್ತದೆ. ಹಾಲ್‌ನ ಉದ್ದನೆಯ ಮೇಜುಗಳ ಮೇಲೆ ಮೇಣದಬತ್ತಿ ಉರಿಯುತ್ತಿರುತ್ತವೆ. ಬೆಂಕಿಯ ಹತ್ತಿರ ಪಾಲಿಯೆಸ್ಟರ್ ಕರಗಿ ಮೈಗೆ ಅಂಟುತ್ತದೆ. ಹತ್ತಿಗೂ ಬೆಂಕಿ ಹೊತ್ತಿಕೊಳ್ಳುತ್ತದೆ, ಆದರೆ ಹಾಗೆ ಕರಗಿ ಅಂಟೋದಿಲ್ಲ.

ತೊಡಕು ಬಂದದ್ದು ಸೆರಗಿನಲ್ಲಿ. ಇಳಕಲ್ ಸೀರೆಯ ಜೀವ ಇರುವುದೇ ಸೆರಗಿನಲ್ಲಿ. ಕೆಂಪು ರೇಷ್ಮೆಯ ಮೇಲೆ ಬಿಳಿಯ ಟೋಪ್ ತೆನಿ ವಿನ್ಯಾಸ. ಹಾಸು ಅಂದರೆ ಮಗ್ಗದಲ್ಲಿ ಉದ್ದಕ್ಕೆ ಎಳೆದ ನೂಲು. ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಿ ನೇಯುತ್ತಾರೆ. ಹಾಗಾಗಿ ನೇಕಾರರು ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿ ಕೂಡಿಸಬೇಕು. ಇಷ್ಟು ಶ್ರಮದ ಸೆರಗನ್ನು ಎಡ ಭುಜದ ಮೇಲಿಂದ ಹಿಂದಕ್ಕೆ ಬಿಟ್ಟು ಮೇಲೆ ಗೌನ್ ಹಾಕಿದರೆ ಎಲ್ಲ ಮುಚ್ಚಿಹೋಗುತ್ತದೆ. ನನ್ನಂಥ ಸಂಶೋಧನಾ ವಿದ್ಯಾರ್ಥಿಗಳ ಗೌನಿಗೆ ತೋಳಿಲ್ಲ. ಭುಜದಿಂದ ಹಿಂದಕ್ಕೆ ಎರಡು ಉದ್ದನೆಯ ಪಟ್ಟಿ ಇಳಿಬಿದ್ದಿರುತ್ತವೆ. ಅವುಗಳ ಅಡಿಯಿಂದ ಸೆರಗಿನ ತುದಿ ಮಾತ್ರ ಹೊರಗೆ ಇಣುಕುತ್ತಿತ್ತು. ಕನ್ನಡಿಯಲ್ಲಿ ಹಿಂದೆ ತಿರುಗಿ ನೋಡಿಕೊಂಡರೆ ಚೆನ್ನಾಗಿ ಕಾಣಲಿಲ್ಲ. ಸೆರಗನ್ನು ಗೌನಿನ ಮೇಲೆ ಹಾಕಿ ನೋಡಿದೆ, ನಿಲ್ಲಲಿಲ್ಲ. ಮಡಿಕೆ ಮಾಡಿ ಪಿನ್ ಹಾಕಿದೆ, ಭುಜದ ಹತ್ತಿರ ಗೌನ್ ಉಬ್ಬಿಕೊಂಡಿತು.

ಊಟದ ಹಿಂದಿನ ರಾತ್ರಿ ಮತ್ತೆ ಅವ್ವನಿಗೆ ಕಾಲ್ ಮಾಡಿದೆ. ಫೋನನ್ನು ಪುಸ್ತಕಕ್ಕೆ ಆನಿಸಿಟ್ಟು, ಹಿಂದೆ ಮುಂದೆ ತಿರುಗಿ ತೋರಿಸಿದೆ. ಅವಳು ನೋಡಿದವಳೇ, “ಅದೇನ್ ದೊಡ್ಡ ಮಾತು? ಸೆರಗು ಬೆನ್ನ ಹಿಂದಿಂದ ಬಲಕ್ಕ ತಗೊಂಡು ಟೊಂಕಕ್ಕ ಸಿಗಿಸು” ಅಂದಳು. ಎದ್ದು ನಿಂತು ತಾನೇ ಮಾಡಿ ತೋರಿಸಿದಳು. ರೊಟ್ಟಿ ಬಡಿಯುವಾಗ, ನೀರು ತರುವಾಗ, ಹೊಲದಲ್ಲಿ ಕಳೆ ತೆಗೆಯುವಾಗ ನಮ್ಮ ಹೆಂಗಸರು ಸೆರಗು ಸಿಗಿಸುವ ರೀತಿ ಅದು. ನಾನು ಹಾಗೇ ಮಾಡಿದೆ. ಸೆರಗು ಸೊಂಟ ಸುತ್ತಿ ಮುಂದೆ ಬಂತು. ಕೆಂಪು-ಬಿಳಿ ಟೋಪ್ ತೆನಿ ಪೂರ್ತಿ ಎದುರಿಗೆ ಹರಡಿಕೊಂಡಿತು. ಗೌನ್ ಬೆನ್ನಿನ ಮೇಲೆ ನೆಟ್ಟಗೆ ಕೂತಿತು. ಮೇಣದಬತ್ತಿ ಕಡೆಗೆ ಸೆರಗು ಜಾರುವ ಭಯವೂ ಇಲ್ಲ. ಎರಡು ಕೈಯೂ ಖಾಲಿ. ಅವ್ವ ದೂರದಿಂದಲೇ ನೋಡಿ, “ಈಗ ಛಲೋ ಆತು” ಅಂದಳು. ಅವಳ ಮುಖದಲ್ಲಿ ಆಗ ಕಂಡ ಸಂತೋಷ ನನಗೆ ಊಟಕ್ಕಿಂತ ದೊಡ್ಡದು.

ಉಳಿದದ್ದು ಚಳಿಯ ಏರ್ಪಾಡು. ಲಂಗದ ಒಳಗೆ ಥರ್ಮಲ್, ಕಾಲಿಗೆ ಉಣ್ಣೆಯ ಸಾಕ್ಸ್, ಹೀಲ್ಸ್ ಇಲ್ಲದ ಕಪ್ಪು ಶೂ. ರ‍್ಯಾಡ್‌ಕ್ಲಿಫ್ ಕ್ಯಾಮೆರಾ ಅನ್ನುವ ಲೈಬ್ರರಿ ಕಟ್ಟಡದ ಸುತ್ತ ಗುಂಡುಕಲ್ಲು ಹಾಸಿದ ನೆಲ ಇದೆ. ಅಲ್ಲಿ ಹೀಲ್ಸ್ ಹಾಕಿ ನಡೆಯುವವರನ್ನು ಕಂಡರೆ ನನಗೆ ಕಾಲು ನೋಯುತ್ತದೆ. ಕುಬುಸ ಸ್ವಲ್ಪ ಬಿಗಿಯಾಗಿತ್ತು. ಊರಿನ ಟೇಲರ್ ಒಳಗೆ ಬಟ್ಟೆ ಬಿಟ್ಟು ಹೊಲಿದಿದ್ದರು. ಒಂದು ಹೊಲಿಗೆ ಬಿಚ್ಚಿದೆ, ಸರಿಹೋಯಿತು.

ಹಾಲ್‌ನಲ್ಲಿ ಎಲ್ಲರೂ ಎದ್ದು ನಿಂತೆವು. ಹೈ ಟೇಬಲ್‌ನವರು, ಅಂದರೆ ಮುಂದಿನ ಮೇಜಿನಲ್ಲಿ ಕೂರುವ ಕಾಲೇಜಿನ ಹಿರಿಯರು, ಬಂದರು. ಲ್ಯಾಟಿನ್‌ನಲ್ಲಿ ‘ಬೆನೆಡಿಕ್ಟಸ್ ಬೆನೆಡಿಕಾಟ್’ ಅಂತ ಊಟದ ಮೊದಲಿನ ಪ್ರಾರ್ಥನೆ ಹೇಳಿದರು, ಕೂತೆವು. ನನ್ನ ಎದುರಿಗೆ ಸ್ಕಾಟ್ಲೆಂಡಿನ ಹುಡುಗ, ಅಲ್ಲಿನ ಗಂಡಸರು ತೊಡುವ ನೆರಿಗೆಯ ಲಂಗ, ಕಿಲ್ಟ್, ಹಾಕಿಕೊಂಡಿದ್ದ. ಆಚೆ ನೈಜೀರಿಯಾದವರು ಅಗ್ಬಾಡಾ ಅನ್ನುವ ಅಗಲವಾದ ನಿಲುವಂಗಿಯಲ್ಲಿ ಬಂದಿದ್ದರು. ಕಿಲ್ಟ್‌ನ ಹುಡುಗ ನೆರಿಗೆ ಬಗ್ಗೆ ಕೇಳಿದ. ಅವನ ಕಿಲ್ಟಿಗೆ ನೆರಿಗೆ ಹೊಲಿದೇ ಇರುತ್ತವಂತೆ. ನಾನು ಪ್ರತಿ ಸಲವೂ ಬೆರಳಲ್ಲೇ ಹಿಡಿಯಬೇಕು ಅಂದಾಗ ಅವನಿಗೆ ನಂಬಿಕೆ ಬರಲಿಲ್ಲ. ಪಕ್ಕದಲ್ಲಿದ್ದ ಪ್ರೊಫೆಸರ್ ಹೆಚ್ಚು ಮಾತಿನವರಲ್ಲ. ಸೂಪ್ ಮುಗಿದ ಮೇಲೆ ನೀಲಿ ಮತ್ತು ಕೆಂಪು ಕೂಡುವ ಜಾಗ ತೋರಿಸಿ, ಇದು ಹೊಲಿಗೆಯೇ ಅಂತ ಕೇಳಿದರು. ಅಲ್ಲ ಅಂದೆ. ಕೊಂಡಿ ಹೇಗೆ ಹಾಕುತ್ತಾರೆ ಅಂತ ಎರಡು ಕೈ ಬೆರಳು ಹೆಣೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಆ ಸಾಲನ್ನು ಬಹಳ ಹೊತ್ತು ನೋಡಿದರು. ಇದನ್ನು ನೇಯುವವರಿಗೆ ದಿನಕ್ಕೆ ಎಷ್ಟು ಸಿಗುತ್ತದೆ ಅಂತ ಕೇಳಿದರು. ನೇಕಾರರಿಗೆ ಸಿಗುವುದು ಅವರ ಕೆಲಸಕ್ಕೆ ತಕ್ಕದ್ದಲ್ಲ, ಪವರ್‌ಲೂಮ್ ಸೀರೆಗಳು ಬಂದ ಮೇಲೆ ಕೈಮಗ್ಗ ಬಿಟ್ಟವರು ಬಹಳ ಅಂದೆ. ಊಟದ ಉಳಿದ ಹೊತ್ತೆಲ್ಲ ಅದೇ ಮಾತಾಯಿತು.

ಈಗ ಇನ್ನೊಂದು ಕಾಲೇಜಿನಲ್ಲಿರುವ ಮಂಗಳೂರಿನ ಗೆಳತಿಗೆ ಜನವರಿಯಲ್ಲಿ ಶುರುವಾಗುವ ಹಿಲರಿ ಟರ್ಮಿನ ಊಟಕ್ಕೆ ಕರೆ ಬಂದಿದೆ. ತಾಳಿಪಾಡಿ ನೇಕಾರರ ಉಡುಪಿ ಸೀರೆ ಉಡಬೇಕು ಅಂತ ಅವಳ ಆಸೆ. ಅದು ತೆಳುವಾದ ಹತ್ತಿ ಸೀರೆ, ಗೌನಿನ ಕೆಳಗೆ ಮುದುಡಬಹುದು. ಗಂಜಿ ಹಾಕಿ ಒಣಗಿಸೋಣ ಅಂದಿದ್ದೇನೆ. ಶನಿವಾರ ಅವಳು ಅಕ್ಕಿ ತರುತ್ತಾಳೆ, ದೊಡ್ಡ ಪಾತ್ರೆ ನನ್ನ ಹತ್ತಿರ ಇದೆ. ಸೆರಗು ಸಿಗಿಸುವುದನ್ನು ಅವಳಿಗೆ ಅವ್ವನೇ ಫೋನಿನಲ್ಲಿ ಹೇಳಿಕೊಡುತ್ತಾಳಂತೆ.