ಕೂಲಿಂಗ್ ಟವರ್ ಮೇಲಿನ ಕಾರ್ಬನ್ ಶಾಫ್ಟ್

ಕಾರ್ಬನ್ ಫೈಬರ್ ಶಾಫ್ಟ್ (ಕಾರ್ಬನ್ ನೂಲು ಸುತ್ತಿ ರೆಸಿನ್ ಎಂಬ ಅಂಟಿನಿಂದ ಗಟ್ಟಿ ಮಾಡಿದ, ತಿರುಗುವ ಕೊಳವೆ) ಅಂದ ಕೂಡಲೇ ಎಲ್ಲರೂ ಕೇಳುವುದು, ‘ಹಗುರ ಇದೆ ಸರಿ, ಗಟ್ಟಿ ಇರುತ್ತಾ?’ ತೋರಣಗಲ್ಲು ಕಡೆ ಮೆಂಟೆನೆನ್ಸ್ ಕೆಲಸದಲ್ಲಿರುವ ನನಗೆ ಅದರ ದೊಡ್ಡ ಲಾಭ ಬೇರೆಯೇ. ಶಾಫ್ಟ್ ತಿರುಗುವಾಗ ಆಸರೆ ಕೊಡುವ ನಡುವಿನ ಬೇರಿಂಗ್ ಬೇಕಾಗುವುದಿಲ್ಲ.

ಕಾರ್ಖಾನೆಯ ಬಿಸಿ ನೀರನ್ನು ಫ್ಯಾನ್ ಗಾಳಿಯಿಂದ ತಣಿಸುವ ದೊಡ್ಡ ಕೂಲಿಂಗ್ ಟವರ್‌ನಲ್ಲಿ ಮೋಟಾರ್ ಹೊರಗಡೆ, ಗೇರ್‌ಬಾಕ್ಸ್ ಒಳಗೆ ಫ್ಯಾನ್ ಕೆಳಗಡೆ. ಎರಡನ್ನೂ ಸೇರಿಸುವ ಉದ್ದದ ಶಾಫ್ಟ್ ನಿಮಿಷಕ್ಕೆ ಸುಮಾರು 1480 ಸುತ್ತು ತಿರುಗುತ್ತದೆ. ಯಾವ ಶಾಫ್ಟ್ ಆದರೂ ಅದಕ್ಕೊಂದು ಕ್ರಿಟಿಕಲ್ ಸ್ಪೀಡ್ ಇದ್ದೇ ಇರುತ್ತದೆ. ಅದರ ಹತ್ತಿರ ಹೋದರೆ ಮಕ್ಕಳು ಜಿಗಿಯುವ ಹಗ್ಗದ ಹಾಗೆ ನಡುವೆ ಉಬ್ಬಿ ಅದುರುತ್ತದೆ. ಉದ್ದ ಎರಡು ಪಟ್ಟಾದರೆ ಆ ಸ್ಪೀಡ್ ಕಾಲು ಭಾಗಕ್ಕೆ ಇಳಿಯುತ್ತದೆ. ಅದಕ್ಕೇ ಉದ್ದ ಜಾಸ್ತಿಯಾದರೆ ಸ್ಟೀಲ್ ಶಾಫ್ಟನ್ನು ಎರಡು ತುಂಡು ಮಾಡಿ ನಡುವೆ ಬೇರಿಂಗ್ ಕೊಡುತ್ತಾರೆ. ಆ ಬೇರಿಂಗ್ ಕೂರುವುದು ಬಿಸಿ ತೇವದ ಗಾಳಿಯಲ್ಲಿ. ಗ್ರೀಸ್ ನಿಲ್ಲುವುದಿಲ್ಲ, ತುಕ್ಕು ಬಿಡುವುದಿಲ್ಲ. ಅದನ್ನು ನೋಡಲು ಫ್ಯಾನ್ ನಿಲ್ಲಿಸಿ, ಯಾರೂ ಮತ್ತೆ ಚಾಲೂ ಮಾಡದ ಹಾಗೆ ಸ್ವಿಚ್‌ಗೆ ಲಾಕ್ ಹಾಕಿ ಒಳಗಿಳಿಯಬೇಕು.

ಸ್ಟೀಲ್ ಒಂದು ಲೀಟರ್ ಗಾತ್ರಕ್ಕೆ 7.85 ಕಿಲೋ ತೂಗಿದರೆ ಕಾರ್ಬನ್ ಕಾಂಪೋಸಿಟ್ ಸುಮಾರು 1.6 ಕಿಲೋ. ತೂಕ ಇಷ್ಟು ಇಳಿದರೂ ಬಿಗುವು ಅಷ್ಟು ಇಳಿಯುವುದಿಲ್ಲ. ಹಾಗಾಗಿ ಕ್ರಿಟಿಕಲ್ ಸ್ಪೀಡ್ ಮೇಲೇರಿ, ಒಂದೇ ಕೊಳವೆ ಅಷ್ಟುದ್ದಕ್ಕೂ ಸಾಕಾಗುತ್ತದೆ.

ನನಗೆ ತುಂಬ ಇಷ್ಟವಾದದ್ದು ಅದರ ನೂಲು ಸುತ್ತುವ ಲೆಕ್ಕ. ತಿರುಚುವ ಬಲ ತಡೆಯಲು ನೂಲು 45 ಡಿಗ್ರಿ ಓರೆಯಾಗಿ ಎರಡೂ ಕಡೆಯಿಂದ ಸುತ್ತಿರಬೇಕು. ಬಾಗದೆ ಇರಲು ಉದ್ದಕ್ಕೆ ಹತ್ತಿರದ ಕೋನದಲ್ಲಿ ಹಾಯಬೇಕು. ಯಾವ ಪದರ ಎಷ್ಟು ಅನ್ನುವುದರಲ್ಲೇ ಡಿಸೈನ್ ಮಾಡುವವರ ಜಾಣತನ ಗೊತ್ತಾಗುತ್ತದೆ. ಶಾಫ್ಟ್ ತುದಿಗೆ ಜೋಡಿಸುವ ಲೋಹವೂ ಮುಖ್ಯ. ಕಾರ್ಬನ್‌ಗೆ ಅಲ್ಯೂಮಿನಿಯಂ ನೇರವಾಗಿ ತಾಗಿ ನೀರು ಸೇರಿದರೆ ಅಲ್ಯೂಮಿನಿಯಂ ಕೊರೆದುಹೋಗುತ್ತದೆ. ಮಧ್ಯೆ ಗ್ಲಾಸ್ ಫೈಬರ್ ಪದರ ಬೇಕು, ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್ ಹಾಕಬೇಕು.

ಒಂದು ವಿಷಯದಲ್ಲಿ ಮಾತ್ರ ತುಂಬಾ ಹುಷಾರಾಗಿರಬೇಕು. ಸ್ಟೀಲ್ ಮೇಲೆ ಸ್ಪ್ಯಾನರ್ ಬಿದ್ದರೆ ಗುರುತು ಕಾಣುತ್ತದೆ. ಇದರಲ್ಲಿ ಮೇಲೆ ಏನೂ ಕಾಣದೆ ಒಳಗೆ ಪದರ ಬಿಟ್ಟಿರಬಹುದು. ನಾಣ್ಯದಿಂದ ಮೆಲ್ಲಗೆ ಬಡಿದು ಕೇಳಿ: ಚೆನ್ನಾಗಿರುವ ಕಡೆ ಟಣ್ ಅನ್ನುತ್ತದೆ, ಬಿಟ್ಟ ಕಡೆ ಮಂಕು ಸದ್ದು. ಅನುಮಾನ ಬಂದರೆ ತೆಗೆದಿಡಿ, ವೆಲ್ಡಿಂಗ್‌ನಿಂದ ಸರಿಯಾಗುವ ವಸ್ತು ಇದಲ್ಲ. ಶಾಫ್ಟ್ ಮೇಲೆ ಕಾಲಿಟ್ಟು ಹತ್ತುವ ಅಭ್ಯಾಸವಂತೂ ಬೇಡವೇ ಬೇಡ.

ಕಾದ ಉಕ್ಕನ್ನು ರೋಲರ್ ನಡುವೆ ಒತ್ತಿ ತೆಳು ಮಾಡುವ ರೋಲಿಂಗ್ ಮಿಲ್‌ನಲ್ಲಿ, ಆ ರೋಲರ್ ತಿರುಗಿಸುವ ಸ್ಪಿಂಡಲ್‌ಗೂ ಇದನ್ನೇ ಹಾಕಬಹುದಲ್ವಾ ಅಂತ ಹೊಸ ಹುಡುಗರು ಕೇಳುತ್ತಾರೆ. ಅಲ್ಲಿ ಶಾಫ್ಟ್ ಗಿಡ್ಡ, ತಿರುಚುವ ಬಲ ಭಾರಿ, ಕೆಂಪಗೆ ಕಾದ ಕಬ್ಬಿಣ ಪಕ್ಕದಲ್ಲೇ, ಏಟು ಬೇರೆ ಜಾಸ್ತಿ. ಬಿಸಿಗೆ ರೆಸಿನ್ ಮೆತ್ತಗಾಗುತ್ತದೆ. ಅಲ್ಲಿ ಸ್ಟೀಲೇ ಇರಲಿ.