ದ್ರಾಕ್ಷಿ ಪಿಕಪ್‌ಗೆ ಹೆಲ್ಪರ್ ಪಾಟಾ: ಕೆಲಸ ಎಲ್ಲಿಗೆ ಬಂತು

ಗಾಡಿ ತಿಕೋಟಾ ಕಡೆಯ ತೋಟಗಳಿಂದ ವಿಜಯಪುರಕ್ಕೆ ದ್ರಾಕ್ಷಿ ತರುವ ಪಿಕಪ್. 20 ಕಿಲೋದ 60 ಕ್ರೇಟ್, ಅಂದರೆ 1,200 ಕಿಲೋ. ಆರ್‌ಸಿ ಮಿತಿಯೊಳಗೇ ಇದೆ. ಆದರೂ ತೋಟದ ಹಾದಿಯ ತಗ್ಗುಗಳಲ್ಲಿ ಹಿಂದಿನ ಆಕ್ಸಲ್ (ಗಾಲಿಗಳ ಅಚ್ಚು) ಹೋಗಿ ಬಂಪ್ ರಬ್ಬರ್‌ಗೆ (ಚಾಸಿ ಕೆಳಗಿನ ತಡೆ ರಬ್ಬರ್) ಬಡಿಯುತ್ತಿತ್ತು, ತಳದ ಕ್ರೇಟುಗಳಲ್ಲಿ ಗೊಂಚಲಿನ ಮಣಿ ಉದುರುತ್ತಿದ್ದವು. ಅದಕ್ಕೇ ಹಿಂದಿನ ಪಾಟಾಕ್ಕೆ, ಅಂದರೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗಿಗೆ, ಹೆಲ್ಪರ್ ಎಂಬ ಹೆಚ್ಚುವರಿ ಪಾಟಾ ಕೂಡಿಸುವ ಕೆಲಸ.

ಮೊದಲು ಅಳತೆ. ಆಕ್ಸಲ್‌ಗೂ ಬಂಪ್ ರಬ್ಬರ್‌ಗೂ ನಡುವಿನ ಅಂತರ ಖಾಲಿ ಗಾಡಿಗೆ 95 ಮಿ.ಮೀ., ಲೋಡಿಗೆ 28. ಎಡಕ್ಕೂ ಬಲಕ್ಕೂ 3 ಮಿ.ಮೀ. ಮಾತ್ರ ವ್ಯತ್ಯಾಸ, ಹಾಗಾಗಿ ಹಳೇ ಪಾಟಾ ಗಟ್ಟಿಯಿದೆ. ಸೋತ ಪಾಟಾ ಮೇಲೆ ಹೆಲ್ಪರ್ ಹೇರಿದರೆ ದುಡ್ಡು ದಂಡ.

8 ಮಿ.ಮೀ. ಪಾಟಾ ತೆಗೆದು 10 ಮಿ.ಮೀ. ಹಾಕುವ ಸಲಹೆ ಗ್ಯಾರೇಜುಗಳಲ್ಲಿ ಸಾಮಾನ್ಯ. ಪಾಟಾದ ಬಿಗಿ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ಹೆಚ್ಚು ಕಡಿಮೆ ಎರಡು ಪಟ್ಟು. ಖಾಲಿ ಬರುವಾಗ ಹಿಂದಿನ ಗಾಲಿ ಕುಪ್ಪಳಿಸಿ ಹಿಡಿತ ಬಿಡುತ್ತದೆ. ಪಾಟಾ ಜೊತೆ ಕೂರಿಸುವ ಗಾಳಿ ಚೀಲ, ಅಂದರೆ ಏರ್‌ಬ್ಯಾಗ್, ಮೆತ್ತಗಿರುತ್ತದೆ, ಎತ್ತರವೂ ಬೇಕಾದಂತೆ ಸಿಗುತ್ತದೆ. ಆದರೆ ಹಾದಿಯಲ್ಲಿ ಗಾಳಿ ಹೋದರೆ ತುಂಬಿದ ಗಾಡಿ ಮತ್ತೆ ರಬ್ಬರ್ ಮೇಲೆಯೇ ಕೂರುತ್ತದೆ. ಈ ಕೆಲಸಕ್ಕೆ ಹೆಲ್ಪರ್ ಪಾಟಾವೇ ಸರಿ: ಖಾಲಿಯಿದ್ದಾಗ ತುದಿ ಎಲ್ಲಿಗೂ ತಾಗುವುದಿಲ್ಲ, ಲೋಡ್ ಬಿದ್ದ ಮೇಲೆಯೇ ಭಾರ ಹೊರುತ್ತದೆ.

ಪ್ರತಿ ಬದಿಗೆ 8 ಮಿ.ಮೀ.ದ ಎರಡು ಪಾಟಾ ಕೂಡಿದವು. ಕಟ್ಟಿನ ದಪ್ಪ 16 ಮಿ.ಮೀ. ಹೆಚ್ಚಿತು, ಹಾಗಾಗಿ ಪಾಟಾ ಕಟ್ಟನ್ನು ಆಕ್ಸಲ್‌ಗೆ ಬಿಗಿಯುವ ಉದ್ದನೆಯ ಹೊಸ ಯು-ಬೋಲ್ಟ್ ನಾಲ್ಕು, ಪಾಟಾಗಳನ್ನು ನಡುವೆ ಹಿಡಿಯುವ ಸೆಂಟರ್ ಬೋಲ್ಟ್ ಎರಡು. ಒಮ್ಮೆ ಎಳೆದು ಹಿಗ್ಗಿದ ಯು-ಬೋಲ್ಟ್ ಮತ್ತೆ ಹಾಕಬಾರದು. ನಟ್‌ಗಳನ್ನು ಕರ್ಣವಾಗಿ, ಸ್ವಲ್ಪಸ್ವಲ್ಪವೇ ಬಿಗಿಯಬೇಕು. ಸಡಿಲ ಉಳಿದರೆ ಪಾಟಾ ಸರಿದಾಡಿ ಸೆಂಟರ್ ಬೋಲ್ಟ್ ಕತ್ತರಿಸುತ್ತದೆ, ಆಕ್ಸಲ್ ಜಾರಿ ಗಾಡಿ ಓರೆಯಾಗಿ ಓಡುತ್ತದೆ. ಶ್ಯಾಕಲ್ (ಪಾಟಾದ ತುದಿಯನ್ನು ಚಾಸಿಗೆ ಕೂಡಿಸುವ ಕೊಂಡಿ) ಬೋಲ್ಟಿನ ಕೊನೆಯ ಬಿಗಿ ಮಾತ್ರ ಗಾಲಿ ನೆಲಕ್ಕೆ ಊರಿದ ಮೇಲೆ. ಜ್ಯಾಕ್ ಮೇಲೆ ಬಿಗಿದರೆ ರಬ್ಬರ್ ಬುಷ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

ಈಗ ಆಕ್ಸಲ್-ರಬ್ಬರ್ ಅಂತರ ಲೋಡಿಗೆ 45 ಮಿ.ಮೀ., ಖಾಲಿಗೆ ಮೊದಲಿನಂತೆಯೇ 95.

ಬಹಳ ಮಂದಿ ಮರೆಯುವುದು ಬ್ರೇಕ್ ವಾಲ್ವ್. ಆಕ್ಸಲ್‌ಗೆ ಕೂಡಿಸಿದ ಸರಳಿನಿಂದ ಈ ವಾಲ್ವ್ ಗಾಡಿ ಎಷ್ಟು ಕುಸಿದಿದೆ ಎಂದು ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಕೊಡುತ್ತದೆ. ಕುಸಿತ ಕಡಿಮೆಯಾದರೆ ಭಾರವೇ ಕಡಿಮೆ ಎಂದು ಲೆಕ್ಕ ಹಾಕಿ, ತುಂಬಿದ ಗಾಡಿಗೂ ಹಿಂದೆ ಬ್ರೇಕ್ ಕಮ್ಮಿ ಬಿಡುತ್ತದೆ. ಆ ಸರಳನ್ನು ಸರ್ವಿಸ್ ಪುಸ್ತಕದ ಪ್ರಕಾರ, ಪ್ರೆಷರ್ ಗೇಜ್ ಹಚ್ಚಿ ಹೊಂದಿಸುವುದು ಬಾಕಿ. ಅಲ್ಲಿಯವರೆಗೆ ಕ್ರೇಟ್ ಏರಿಸುವಂತಿಲ್ಲ. ಆಮೇಲೆ 500 ಕಿ.ಮೀ.ಗೆ ಯು-ಬೋಲ್ಟ್ ಮತ್ತೊಮ್ಮೆ ಬಿಗಿಯಬೇಕು.