ಕೋಡಿಯಕ್ಕರೈಗೆ ಹೋಗ್ತೀರಾ? ಎರಡು ರಾತ್ರಿ ಇಟ್ಟುಕೊಳ್ಳಿ

ಬಿಳಿ ನೆಲ ಗಟ್ಟಿಯಾಗಿದೆ ಅಂತ ಕಾರು ಇಳಿಸಬೇಡಿ. ಕೋಡಿಯಕ್ಕರೈಗೆ ಹೊರಡುವವರಿಗೆ ನನ್ನ ಮೊದಲ ಮಾತು ಇದು. ಯಾಕೆ ಅಂತ ಆಮೇಲೆ ಹೇಳ್ತೇನೆ.

ಭೂಪಟದಲ್ಲಿ ಇದರ ಹೆಸರು ಪಾಯಿಂಟ್ ಕ್ಯಾಲಿಮರ್. ತಮಿಳುನಾಡಿನ ನಾಗಪಟ್ಟಿಣಂ ಜಿಲ್ಲೆ, ಕಾವೇರಿ ಬಯಲಿನ ದಕ್ಷಿಣದ ತುದಿ. 1967ರಿಂದ ಅಭಯಾರಣ್ಯ. ಕಾಡು, ಹುಲ್ಲುಗಾವಲು, ಜೌಗು, ಕಡಲು ಎಲ್ಲಾ ಒಂದೇ ಕಡೆ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ನೋಡಿಕೊಂಡೇ ಬೆಳೆದ ನಮಗೆ ಹಕ್ಕಿ ಹೊಸದಲ್ಲ. ಆದರೆ ಕೃಷ್ಣಮೃಗ ಮೇಯುವ ಕಡೆ ಅಲೆಯ ಸದ್ದು ಕೇಳಿಸೋದು ಹೊಸದು.

ಮೈಸೂರಿನಿಂದ ಸುಮಾರು 500 ಕಿ.ಮೀ. ಒಂದೇ ದಿನ ಓಡಿಸಬಹುದು, ಆದರೆ ಬೇಡ. ಚಾಮರಾಜನಗರ, ಪುಣಜನೂರು, ಹಾಸನೂರು ಆಗಿ ದಿಂಬಂ ಘಾಟಿ ಇಳಿಯಬೇಕು. 27 ಹೇರ್‌ಪಿನ್ ತಿರುವು, ಮುಂದೆ ಲಾರಿ ಸಾಲು. ರಾತ್ರಿ ಗೇಟು ಹಾಕಿರುತ್ತಾರೆ, ಬೆಳಕಿರುವಾಗಲೇ ಇಳಿದುಬಿಡಿ. ಆಮೇಲೆ ಸತ್ಯಮಂಗಲ, ಈರೋಡು, ಕರೂರು, ತಿರುಚ್ಚಿ. ನಾವು ತಂಜಾವೂರಿನಲ್ಲಿ ಉಳಿದು, ಬೆಳಿಗ್ಗೆ ಬೃಹದೀಶ್ವರನಿಗೆ ಕೈ ಮುಗಿದು ಹೊರಟೆವು.

ಅಲ್ಲಿಂದ ಮುಂದೆ ನಾಲೆ, ಗದ್ದೆ, ಮತ್ತೆ ನಾಲೆ. ಜೊತೆಗೆ ಮದ್ದೂರಿನ ಬಾಮೈದ ಇದ್ದ. ಕಿಟಕಿಯಲ್ಲಿ ನೋಡ್ತಾ ನೋಡ್ತಾ, "ಭಾವ, ನಮ್ ಕನ್ನಂಬಾಡಿ ನೀರು ಇಲ್ಲಿಗಂಟ ಬತ್ತದಾ?" ಅಂದ. ಬರುತ್ತೆ, ನಡುವೆ ಮೆಟ್ಟೂರು, ಕಲ್ಲಣೈ ಅಣೆಕಟ್ಟು ದಾಟಿಕೊಂಡು ಅಂದೆ. ಮುಂದಿನ ಅರ್ಧ ಗಂಟೆ ಅವನು ಮಾತೇ ಆಡಲಿಲ್ಲ.

ವೇದಾರಣ್ಯಂನಲ್ಲಿ ಪೆಟ್ರೋಲ್ ತುಂಬಿಸಿ. ನಗದು, ಕುಡಿಯುವ ನೀರು, ಸೊಳ್ಳೆಗೆ ಹಚ್ಚುವ ಮುಲಾಮು ಎಲ್ಲಾ ಅಲ್ಲೇ ತಗೊಳ್ಳಿ. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ರಾಜಾಜಿ ತಿರುಚ್ಚಿಯಿಂದ ನಡೆದು ಬಂದು ಉಪ್ಪು ಮಾಡಿದ ಊರು ಇದೇ. ಉಪ್ಪಿನ ಗದ್ದೆಗಳು ಇವತ್ತೂ ಇವೆ. ಕೋಡಿಯಕ್ಕರೈ ಇಲ್ಲಿಂದ ಹತ್ತು ಹನ್ನೆರಡು ಕಿ.ಮೀ. ಅಲ್ಲಿನ ಅರಣ್ಯ ಇಲಾಖೆ ಅತಿಥಿಗೃಹ ಬೇಕಾದರೆ ಮೊದಲೇ ಗೊತ್ತು ಮಾಡಿಕೊಳ್ಳಿ. ಸಿಗದಿದ್ದರೆ ವೇದಾರಣ್ಯಂ ಲಾಡ್ಜೇ ಗತಿ.

ಮೊದಲ ಸಂಜೆ ಕಾಡಿನೊಳಗೆ ಕಾರಲ್ಲೇ ಒಂದು ಸುತ್ತು ಹಾಕಿದೆವು. ಕುರುಚಲು, ದಟ್ಟ ಹಸಿರು, ನಡುನಡುವೆ ಮರಳು ದಾರಿ. ಜಿಂಕೆ, ಕಾಡುಹಂದಿ, ಯಾರಿಗೂ ಸೇರದ ಕುದುರೆ ಹಿಂಡು ಸಿಕ್ಕಿತು. ಸಾಕಿದವುಗಳ ಸಂತತಿ, ಈಗ ಕಾಡುಬಿದ್ದಿವೆ. ಎತ್ತರದ ಜಾಗ ಅಂದರೆ ರಾಮರ್ ಪಾದಂ ದಿಣ್ಣೆ. ರಾಮ ಇಲ್ಲಿ ನಿಂತು ಲಂಕೆ ಕಡೆ ನೋಡಿದನಂತೆ. ಚಾಮುಂಡಿ ಬೆಟ್ಟ ಹತ್ತಿದವರಿಗೆ ನಗು ಬರುತ್ತೆ, ದಿಣ್ಣೆ ಅಷ್ಟು ಪುಟ್ಟದು.

ನಿಜವಾಗಿ ನೋಡಿದ್ದು ಮಾರನೇ ಬೆಳಿಗ್ಗೆ, ನಡೆದು. ಅರಣ್ಯ ಕಚೇರಿಯಲ್ಲಿ ಕೇಳಿ, ಒಬ್ಬ ಕಾವಲುಗಾರರನ್ನ ಜೊತೆ ಕರೆದುಕೊಂಡೆವು. ಸುಮ್ನೆ ನಾವೇ ಹೋಗಿದ್ದರೆ ಅರ್ಧ ಕಾಣ್ತಿರಲಿಲ್ಲ. ಅವರು ಕೈ ಅಡ್ಡ ಹಿಡಿದು ನಿಲ್ಲಿಸಿದರು. ನೂರು ಅಡಿ ದೂರದಲ್ಲಿ ಒಂದು ಗಂಡು ಕೃಷ್ಣಮೃಗ. ಮೂತಿ ಮೇಲೆತ್ತಿ, ಸುರುಳಿ ಕೊಂಬು ಬೆನ್ನಿಗೆ ತಾಗುವಷ್ಟು ಹಿಂದಕ್ಕೆ ಬಾಗಿಸಿಕೊಂಡು, ಹೆಣ್ಣುಗಳ ಮುಂದೆ ಮದುವೆ ಮನೆ ಯಜಮಾನನ ಗತ್ತಲ್ಲಿ ನಡೀತಿತ್ತು. ಹೆಣ್ಣುಗಳು ತಲೆಯೆತ್ತದೆ ಹುಲ್ಲು ಮೇಯ್ತಾ ಇದ್ದವು. ಕಾರಿನಿಂದ ನೋಡಿದ್ದರೆ ಕಂದು ಚುಕ್ಕೆಗಳು, ಅಷ್ಟೆ. ತಿಳಿ ಬಣ್ಣದ ಬಟ್ಟೆ ಹಾಕಿ, ಚಪ್ಪಲಿ ಬೇಡ, ಬೂಟು ಇರಲಿ. ಮುಳ್ಳು ಜಾಸ್ತಿ.

ಈಗ ಬಿಳಿ ನೆಲದ ಕಥೆ. ರಾಜಹಂಸಗಳಿರುವುದು ಜೌಗಿನ ಕಡೆ. ದೂರದಿಂದ ನೀರಿನ ಮೇಲೆ ಗುಲಾಬಿ ಗೆರೆ ಎಳೆದ ಹಾಗೆ. ಇನ್ನೂ ಹತ್ತಿರ ಹೋಗೋಣ ಅಂತ ರಸ್ತೆ ಪಕ್ಕಕ್ಕೆ ಕಾರು ಇಳಿಸಿದೆ. ಒಣಗಿದ ಹಾಗೇ ಇತ್ತು. ಹಪ್ಪಳ ಮುರಿದ ಹಾಗೆ ಚಟ್ ಅಂತು, ಮುಂದಿನ ಚಕ್ರ ಅರ್ಧ ಕೆಳಗೆ. ಮೇಲೆ ಉಪ್ಪಿನ ಪದರ, ಕೆಳಗೆ ಕರಿ ಕೆಸರು. ಆಕ್ಸಿಲರೇಟರ್ ಒತ್ತಿದಷ್ಟೂ ಇನ್ನೂ ಹೂತಿತು. ಉಪ್ಪಿನ ಗದ್ದೆಯಿಂದ ಆರು ಜನ ಬಂದು, ಹಲಗೆ ಕೊಟ್ಟು, ತಳ್ಳಿ ಎತ್ತಿದರು. ದುಡ್ಡು ಕೊಡಹೋದರೆ ಬೇಡ ಅಂದರು. ಎಲ್ಲರಿಗೂ ಟೀ ಕುಡಿಸಿದೆವು. ಆ ಹೊತ್ತಿಗೆ ಹಕ್ಕಿಗಳು ಎದ್ದು ಹೋಗಿದ್ದವು, ನಮ್ಮ ಗಲಾಟೆಗೇ ಇರಬೇಕು. ಡಾಂಬರು ಬಿಟ್ಟು ಇಳಿಯಬೇಡಿ, ಒಂದು ಹಗ್ಗ ಇಟ್ಟುಕೊಳ್ಳಿ, ಬೈನಾಕ್ಯುಲರ್ ಮರೆಯಬೇಡಿ.

ತಿಂಗಳು ಕೇಳಿದರೆ ಜನವರಿ ಅಂತೀನಿ. ವಲಸೆ ಹಕ್ಕಿ ಅಕ್ಟೋಬರಿಂದಲೇ ಬರುತ್ತವೆ, ಆದರೆ ಹಿಂಗಾರು ಮಳೆ, ಚಂಡಮಾರುತ ಎಲ್ಲಾ ಆಗಲೇ. 2018ರ ನವೆಂಬರಿನಲ್ಲಿ ಗಜ ಚಂಡಮಾರುತ ಈ ಕಡಲತೀರವನ್ನೇ ಹೊಡೆದದ್ದು.

ವಾಪಸ್ ಬಂದ ಮಾರನೇ ದಿನವೇ ಕಾರಿನ ಅಡಿಭಾಗ ತೊಳೆಸಿ, ಉಪ್ಪು ಕಬ್ಬಿಣ ಬಿಡೋದಿಲ್ಲ. ಸರ್ವಿಸ್ ಹುಡುಗ ಪೈಪು ಹಿಡಿದು ಬಗ್ಗಿ ನೋಡಿದವನು, "ಎಲ್ಲಿಗೆ ಹೋಗಿದ್ರಿ ಸಾರ್, ಸಮುದ್ರದೊಳಕ್ಕಾ?" ಅಂದ.